ಬುಲೆಟ್ ರೈಲು ಸೊಲ್ಲಾಪುರಕ್ಕೆ ಬಂದರೆ ವಿಜಯಪುರಕ್ಕೆ ಸಿಗೋದೇನು?

2026ರ ಫೆಬ್ರವರಿ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಏಳು ಹೈಸ್ಪೀಡ್ ರೈಲು ಮಾರ್ಗಗಳ ಹೆಸರು ಓದಿದರು. ಮುಂಬೈ–ಪುಣೆ, ಪುಣೆ–ಹೈದರಾಬಾದ್, ಹೈದರಾಬಾದ್–ಬೆಂಗಳೂರು, ಹೈದರಾಬಾದ್–ಚೆನ್ನೈ, ಚೆನ್ನೈ–ಬೆಂಗಳೂರು, ದೆಹಲಿ–ವಾರಾಣಸಿ, ವಾರಾಣಸಿ–ಸಿಲಿಗುರಿ. ಬೆಂಗಳೂರು–ಹುಬ್ಬಳ್ಳಿ–ಬೆಳಗಾವಿ–ಪುಣೆ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಅವತ್ತಿನಿಂದ ನಮ್ಮ ಕಡೆ ಚಹಾದಂಗಡಿಯಿಂದ ಹಿಡಿದು ವಾಟ್ಸಾಪ್ ಗ್ರೂಪಿನವರೆಗೆ ಎರಡೇ ಮಾತು. ಒಂದು, ಎಲ್ಲರಿಗೂ ಕೊಟ್ಟು ಉತ್ತರ ಕರ್ನಾಟಕಕ್ಕೆ ಮತ್ತೆ ಕೈ ಕೊಟ್ಟರು, ನಮಗೂ ಬುಲೆಟ್ ರೈಲು ಬೇಕು. ಇನ್ನೊಂದು, ಇರೋ ಲೈನು ಮುಗಿಸೋಕೆ ಆಗ್ತಿಲ್ಲ, ಬುಲೆಟ್ ರೈಲು ಯಾರಪ್ಪನ ಮನೆ ದುಡ್ಡಲ್ಲಿ?

ಎರಡೂ ಕಡೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಬ್ಬರೂ ನಕ್ಷೆ ತೆಗೆದು ನೋಡಿಲ್ಲ ಅನಿಸುತ್ತದೆ.

ಪಟ್ಟಿಯಲ್ಲಿರುವ ಪುಣೆ–ಹೈದರಾಬಾದ್ ಮಾರ್ಗವನ್ನೇ ತಗೊಳ್ಳಿ. ಇದು ಹೊಸ ಯೋಚನೆಯಲ್ಲ. ಮುಂಬೈ–ಹೈದರಾಬಾದ್ ನಡುವೆ 711 ಕಿಮೀ ಹೈಸ್ಪೀಡ್ ಮಾರ್ಗ ಅಂತ ಮೊದಲೇ ಅಧ್ಯಯನ ನಡೆದಿತ್ತು, ಅದರಲ್ಲಿ ಪುಣೆ, ಪಂಢರಪುರ, ಸೊಲ್ಲಾಪುರ, ಕಲಬುರಗಿ ಎಲ್ಲ ಬಂದಿದ್ದವು. ಕೊನೆಗೆ ಲೈನು ಯಾವ ಊರಿನ ಯಾವ ಹೊಲದ ಮೇಲೆ ಹೋಗುತ್ತದೆ ಅನ್ನೋದು ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್, ಬಂದ ಮೇಲಿನ ಮಾತು. ಆದರೂ ಪುಣೆಯಿಂದ ಹೈದರಾಬಾದಿಗೆ ಹೋಗೋ ಲೈನು ಸೊಲ್ಲಾಪುರ ಬಿಟ್ಟು ಹೋಗೋದು ಕಷ್ಟ. ಸೊಲ್ಲಾಪುರ ನಮ್ಮ ವಿಜಯಪುರದಿಂದ ಹೆಚ್ಚೂಕಡಿಮೆ 100 ಕಿಮೀ. ಇಂಡಿ ತಾಲೂಕಿನವರಿಗೆ ಇನ್ನೂ ಹತ್ತಿರ. ಅಂದರೆ ಈ ಜಿಲ್ಲೆಗೆ ಹತ್ತಿರದ ಬುಲೆಟ್ ರೈಲು ನಿಲ್ದಾಣ ಮಹಾರಾಷ್ಟ್ರದಲ್ಲಿ ಇರುತ್ತದೆ. ನಾವು ಇನ್ನೂ ಬೇಕಾ ಬೇಡ್ವಾ ಅಂತ ಜಗಳ ಆಡ್ತಾ ಇದ್ದೇವೆ. ಆ ನಿಲ್ದಾಣಕ್ಕೆ ನಾವು ಹೋಗೋದು ಹೇಗೆ ಅಂತ ಮಾತ್ರ ಯಾರೂ ಕೇಳ್ತಿಲ್ಲ.

ಇದು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಹಳಿಯ ಅಗಲ ಗೊತ್ತಿರಬೇಕು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಗಲ 1676 ಮಿಮೀ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನದು 1435 ಮಿಮೀ, ಜಪಾನಿನ ತಂತ್ರಜ್ಞಾನ ಹಾಗೇ ತಂದಿದ್ದು. ಒಂದರ ಗಾಡಿ ಇನ್ನೊಂದರ ಮೇಲೆ ಓಡಲ್ಲ. ಫ್ರಾನ್ಸಿನಲ್ಲಿ 1981ರಲ್ಲಿ ಪ್ಯಾರಿಸ್–ಲಿಯಾನ್ ಹೈಸ್ಪೀಡ್ ರೈಲು ಟಿಜಿವಿ ಶುರುವಾದಾಗ ಅವರಿಗೆ ಈ ತೊಂದರೆ ಇರಲಿಲ್ಲ. ಹೊಸ ಹಳಿ, ಹಳೇ ಹಳಿ ಎರಡರದ್ದೂ ಒಂದೇ ಅಗಲ. ಹಾಗಾಗಿ ಹೊಸ ಲೈನು ಮುಗಿದಲ್ಲಿ ರೈಲು ಸುಮ್ನೆ ಹಳೇ ಲೈನಿಗೆ ಇಳಿದು ನಿಧಾನವಾಗಿ ಮುಂದಿನ ಊರುಗಳಿಗೂ ಹೋಗುತ್ತಿತ್ತು, ಹೈಸ್ಪೀಡ್ ಲೈನೇ ಇಲ್ಲದ ಊರಿನವರೂ ಸೀಟು ಬಿಟ್ಟು ಏಳದೆ ಪ್ಯಾರಿಸ್ ತಲುಪುತ್ತಿದ್ದರು. ನಮ್ಮಲ್ಲಿ ಅದು ಆಗಲ್ಲ. ಸೊಲ್ಲಾಪುರಕ್ಕೆ ಬಂದ ಬುಲೆಟ್ ರೈಲು ಯಾವ ಕಾಲಕ್ಕೂ ವಿಜಯಪುರಕ್ಕೆ ತಿರುಗಲ್ಲ. ಇಳಿದು ಬೇರೆ ಗಾಡಿ ಹತ್ತಬೇಕು.

ಮುಂಬೈ–ಅಹಮದಾಬಾದ್ ಮಾರ್ಗ 508 ಕಿಮೀ ಇದೆ, ನಿಲ್ದಾಣ ಬರೀ 12. ಲೈನು ನಿಮ್ಮೂರ ಮೇಲೇ ಹಾದುಹೋದರೂ ನಿಲ್ದಾಣ ಇಲ್ಲದಿದ್ದರೆ ನಿಮಗೆ ಸಿಗೋದು ಸದ್ದು ಮತ್ತು ಕಂಬದ ನೆರಳು.

ಈಗ ದುಡ್ಡಿನ ವಿಷಯ. ಮುಂಬೈ–ಅಹಮದಾಬಾದ್ ಯೋಜನೆಗೆ ಮೊದಲು ಹಾಕಿದ ಅಂದಾಜು ಸುಮಾರು 1.08 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜಪಾನಿನ ಸಾಲ, 0.1 ಪರ್ಸೆಂಟ್ ಬಡ್ಡಿ, 50 ವರ್ಷದ ಕಂತು, ಮೊದಲ 15 ವರ್ಷ ಅಸಲು ಕಟ್ಟಬೇಕಾಗಿಲ್ಲ. ಅಷ್ಟು ಅಗ್ಗದ ಸಾಲ ಎಲ್ಲ ಮಾರ್ಗಕ್ಕೂ ಸಿಗುತ್ತದೆ ಅಂತ ನಂಬಿಕೊಂಡು ಕೂರೋಕಾಗಲ್ಲ. ಮೊದಲ ಅಂದಾಜನ್ನೇ ಹಿಡಿದರೂ ಒಂದು ಕಿಲೋಮೀಟರಿಗೆ 212 ಕೋಟಿ ಬಿತ್ತು. ಬೆಳಗಾವಿ–ಕಿತ್ತೂರು–ಧಾರವಾಡ ಹೊಸ ಲೈನು 73 ಕಿಮೀ, 2020ರಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಅಂದಾಜು 927 ಕೋಟಿ. ನೀವೇ ಲೆಕ್ಕ ಹಾಕಿ. ಬುಲೆಟ್ ರೈಲಿನ ನಾಲ್ಕೂವರೆ ಕಿಲೋಮೀಟರ್ ದುಡ್ಡಿಗೆ ಬೆಳಗಾವಿಯಿಂದ ಧಾರವಾಡದವರೆಗಿನ ಇಡೀ ಲೈನು ಮುಗಿಯುತ್ತದೆ, ಸ್ವಲ್ಪ ಚಿಲ್ಲರೆಯೂ ಉಳಿಯುತ್ತದೆ. ಬುಲೆಟ್ ರೈಲು ಬಹುಪಾಲು ಕಂಬದ ಮೇಲೆ, ಜೋಡಿ ಲೈನು, 320 ಕಿಮೀ ವೇಗ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೂ ಈ ಲೆಕ್ಕ ನೆನಪಿರಲಿ.

ಬೆಳಗಾವಿ–ಧಾರವಾಡದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ವೇಗ ಅಂದರೇನು ಅನ್ನೋದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಬೆಳಗಾವಿಯಿಂದ ಧಾರವಾಡಕ್ಕೆ ರೈಲು ನೇರವಾಗಿ ಹೋಗಲ್ಲ. ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿಕೊಂಡು ಹೋಗುತ್ತದೆ. ಒಟ್ಟು 121 ಕಿಮೀ. ಕಾಡು, ಏರು, ತಿರುವು ಎಲ್ಲ ದಾರಿಯಲ್ಲಿವೆ. 2025ರ ಆಗಸ್ಟ್ 10ಕ್ಕೆ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಶುರುವಾಯಿತು. ಬೆಳಗಾವಿಯವರು ವರ್ಷಗಟ್ಟಲೆ ಕೇಳಿದ್ದು ಸಿಕ್ಕಿತು, ಸಂತೋಷ. 160ರಲ್ಲಿ ಓಡಬಲ್ಲ ಗಾಡಿ ಅದು. ಆದರೆ ಬೆಳಗಿನ ಜಾವ 5:20ಕ್ಕೆ ಬೆಳಗಾವಿ ಬಿಟ್ಟು ಬೆಂಗಳೂರು ಸೇರುವಷ್ಟರಲ್ಲಿ ಎಂಟೂವರೆ ಗಂಟೆ. ಸುಮಾರು 610 ಕಿಮೀಗೆ ಎಂಟೂವರೆ ಗಂಟೆ ಅಂದರೆ ಸರಾಸರಿ 72. ಗಾಡಿಯಲ್ಲಿ ತಾಕತ್ತು ಇದೆ, ಹಳಿಯಲ್ಲಿ ಇಲ್ಲ. ಬೆಳಗಾವಿ–ಧಾರವಾಡ ತುಂಡೊಂದಕ್ಕೇ ಎರಡು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಬಸ್ಸು ಅದಕ್ಕಿಂತ ಬೇಗ ಮುಟ್ಟಿಸುತ್ತದೆ.

ಈಗ ಕಿತ್ತೂರಿನ ಮೇಲೆ ನೇರ ಲೈನು ಬಂತು ಅಂತ ಇಟ್ಟುಕೊಳ್ಳಿ. 73 ಕಿಮೀ. ಗಾಡಿ ಗಂಟೆಗೆ 100ರ ಸರಾಸರಿಯಲ್ಲಿ ಹೋದರೂ ಮುಕ್ಕಾಲು ಗಂಟೆ ಸಾಕು. ಅದೇ ಮುಕ್ಕಾಲು ಗಂಟೆಯಲ್ಲಿ ಲೋಂಡಾ ಸುತ್ತಿಕೊಂಡು ಹೋಗಬೇಕಂದರೆ ಸರಾಸರಿ 160ಕ್ಕೂ ಜಾಸ್ತಿ ಬೇಕು, ಆ ಘಟ್ಟದ ತಿರುವುಗಳಲ್ಲಿ ಅದು ಕನಸು. ಒಂದು ಸಾವಿರ ಕೋಟಿಯ ಒಳಗೆ ಒಂದು ಗಂಟೆ ಉಳಿಯುತ್ತಿತ್ತು, ಅದೂ ವಂದೇ ಭಾರತ್ ಟಿಕೆಟ್‌ಗೆ ಸಾವಿರದ ಮೇಲೆ ಕೊಡೋರಿಗೆ ಮಾತ್ರ ಅಲ್ಲ, ಪ್ಯಾಸೆಂಜರ್ ಗಾಡಿ ಹತ್ತೋರಿಗೂ.

ವೇಗದ ಲೆಕ್ಕದಲ್ಲಿ ಒಂದು ಮೋಸ ಇದೆ, ಬಹಳ ಜನ ಗಮನಿಸಲ್ಲ. 100 ಕಿಮೀ ದಾರಿಯನ್ನು 50ರಲ್ಲಿ ಹೋದರೆ ಎರಡು ಗಂಟೆ. 100ರಲ್ಲಿ ಹೋದರೆ ಒಂದು ಗಂಟೆ. ಪೂರ್ತಿ ಒಂದು ಗಂಟೆ ಉಳಿಯಿತು. ಈಗ 160ರಿಂದ 320ಕ್ಕೆ ಏರಿಸಿ. 37 ನಿಮಿಷದ ದಾರಿ 19 ನಿಮಿಷ ಆಗುತ್ತದೆ. ಉಳಿದದ್ದು 18 ನಿಮಿಷ. ವೇಗ ದುಪ್ಪಟ್ಟು ಮಾಡೋದು ಎರಡೂ ಕಡೆ ಒಂದೇ, ಸಿಗೋ ಸಮಯ ಬೇರೆ. ಖರ್ಚು ಮಾತ್ರ ಉಲ್ಟಾ. ಮೇಲೆ ಹೋದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಕರೆಂಟು ಜಾಸ್ತಿ ಬೇಕು, ತಿರುವು ಅನ್ನೋದು ಕಿಲೋಮೀಟರ್‌ಗಟ್ಟಲೆ ಅಗಲದ ಬಾಗು ಆಗಬೇಕು, ಗುಡ್ಡ ಅಡ್ಡ ಬಂದರೆ ಸುತ್ತೋ ಹಾಗಿಲ್ಲ, ಕೊರೆಯಬೇಕು. ನಮ್ಮ ಕಡೆಯ ಗಾಡಿಗಳು ಇವತ್ತು ಇರೋದು 50–60ರ ಆಸುಪಾಸಿನಲ್ಲಿ. ಅಗ್ಗದ ಗಂಟೆಗಳು ಇನ್ನೂ ಹಳಿಯ ಮೇಲೇ ಬಿದ್ದಿವೆ, ಎತ್ತಿಕೊಳ್ಳೋರಿಲ್ಲ.

ವಿಜಯಪುರದಿಂದ ಬೆಂಗಳೂರಿನ ದಾರಿ ನೋಡಿದರೆ ಇನ್ನೂ ಸ್ಪಷ್ಟ. ರಸ್ತೆಯಲ್ಲಿ ಸುಮಾರು 530 ಕಿಮೀ. ರೈಲಿನಲ್ಲಿ ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ ಸುತ್ತಿ 700 ದಾಟುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹದಿಮೂರು ಹದಿನಾಲ್ಕು ಗಂಟೆ ತಗೊಳ್ಳುತ್ತದೆ. ಇನ್ನು ಬಸವ ಎಕ್ಸ್‌ಪ್ರೆಸ್ ಇನ್ನೊಂದು ಮಗ್ಗುಲಿಂದ, ಸೊಲ್ಲಾಪುರ, ಕಲಬುರಗಿ, ರಾಯಚೂರು, ಗುಂತಕಲ್ ಅಂತ ಪರರಾಜ್ಯಗಳನ್ನು ನೋಡಿಕೊಂಡು ರಾಜಧಾನಿಗೆ ಹೋಗುತ್ತದೆ. ಸ್ಲೀಪರ್ ಬಸ್ ಹತ್ತು ಹನ್ನೊಂದು ಗಂಟೆಯಲ್ಲಿ ಬಿಡುತ್ತದೆ. ಹಬ್ಬದ ಹಿಂದಿನ ದಿನ ಆ ಬಸ್ಸಿನವರು ಎಷ್ಟು ಕೇಳುತ್ತಾರೆ ಅಂತ ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಹುಡುಗರನ್ನು ಕೇಳಿ.

ಬಾಗಲಕೋಟೆ–ಕುಡಚಿ ಲೈನಿನ ಬಗ್ಗೆ ಬರೆದರೆ ಬಾಗಲಕೋಟೆಯವರು ನಗುತ್ತಾರೆ, ಅಷ್ಟು ಹಳೇ ಮಾತು. 142 ಕಿಮೀ, 2010–11ರ ಬಜೆಟ್‌ನಲ್ಲಿ ಸೇರಿದ್ದು. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗೆ 30 ಕಿಮೀ ಹಾಕಿದರು, ಆಮೇಲೆ ಆಮೆ ನಡಿಗೆ. ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ ದಾಟಿ ಕುಡಚಿ ಸೇರಿದರೆ ಮಿರಜ್–ಲೋಂಡಾ ಮುಖ್ಯ ಲೈನಿಗೆ ಕೊಂಡಿ ಬೀಳುತ್ತದೆ. ಖರ್ಚು ಕೇಂದ್ರ ರಾಜ್ಯ ಅರ್ಧರ್ಧ, ಜಾಗ ರಾಜ್ಯ ಬಿಡಿಸಿಕೊಡಬೇಕು. ಇವರು ಜಾಗ ಕೊಟ್ಟಿಲ್ಲ ಅಂತ ಅವರು, ಅವರು ದುಡ್ಡು ಬಿಟ್ಟಿಲ್ಲ ಅಂತ ಇವರು. ಈ ಭಾಗದಲ್ಲಿ ಸಕ್ಕರೆ ಕಾರ್ಖಾನೆ ಎಷ್ಟಿವೆ, ಲೋಕಾಪುರದ ಸುತ್ತ ಸುಣ್ಣದಕಲ್ಲು, ಸಿಮೆಂಟು ಎಷ್ಟಿದೆ, ಎಲ್ಲರಿಗೂ ಗೊತ್ತು. ಎಲ್ಲ ಲಾರಿಯಲ್ಲಿ ಹೋಗುತ್ತಿದೆ.

ಇದರ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇಡಬೇಕು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ಕಂಪನಿ ಎನ್‌ಟಿಪಿಸಿ 2400 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಕಟ್ಟಿತು. ಅದಕ್ಕೆ ಕಲ್ಲಿದ್ದಲು ಬರಬೇಕು, ರೈಲಿನಲ್ಲೇ ಬರಬೇಕು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಕೂಡಗಿವರೆಗೆ ಜೋಡಿ ಲೈನು ಹಾಕೋಕೆ ಎನ್‌ಟಿಪಿಸಿಯೇ ದುಡ್ಡು ಹಾಕಿತು. ಕೆಲಸ ಆಯಿತು. ಅಲ್ಲಿ ಜಾಗ ಇರಲಿಲ್ವಾ, ಎರೆ ಮಣ್ಣು ಇರಲಿಲ್ವಾ? ಎಲ್ಲ ಇತ್ತು. ದುಡ್ಡು ಯಾರದ್ದು, ತಡವಾದರೆ ನಷ್ಟ ಯಾರಿಗೆ ಅನ್ನೋದು ಖಚಿತ ಇತ್ತು, ಅಷ್ಟೇ. ಬುಲೆಟ್ ರೈಲಿನ ಪರ ಇರೋರು ಹೇಳೋ ಒಂದು ಮಾತಿಗೆ ಇಲ್ಲಿ ಬಲ ಇದೆ. ಪ್ರತ್ಯೇಕ ಕಂಪನಿ, ಪ್ರತ್ಯೇಕ ದುಡ್ಡು ಇದ್ದರೆ ಕೆಲಸ ಓಡುತ್ತದೆ ಅಂತ ಅವರು ಹೇಳುತ್ತಾರೆ. ನಿಜ. ಹಾಗಾದರೆ ಆ ಪದ್ಧತಿಯನ್ನು ಕುಡಚಿ ಲೈನಿಗೂ ಯಾಕೆ ತರಬಾರದು ಅನ್ನೋದು ನನ್ನ ಪ್ರಶ್ನೆ.

ಇನ್ನು ಹತ್ತೋರು ಯಾರು? ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ನೋಡಿದವರಿಗೆ ಹೇಳಬೇಕಾಗಿಲ್ಲ. ಸೀಟಿನ ಕೆಳಗೆ ಜೋಳದ ಹಿಟ್ಟಿನ ಚೀಲ. ಮೇಲಿನ ಹಲಗೆ ಮೇಲೆ ಹಾಸಿಗೆ ಸುರುಳಿ, ಪಾತ್ರೆ ಕಟ್ಟಿದ ಗಂಟು. ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಎಂಟು ದಿನಕ್ಕೆ ಆಗುವಷ್ಟು. ಬಾಗಿಲ ಹತ್ತಿರ ಒಬ್ಬ ಮುದುಕ ಕೂತಿರುತ್ತಾನೆ, "ಏ ತಮ್ಮಾ, ಸ್ವಲ್ಪ ಸರೀಯಪ್ಪ, ಕಾಲು ಚಾಚ್ತೀನಿ" ಅಂತ. ಇವರು ರಾತ್ರಿ ಗಾಡಿ ಹತ್ತೋದು ಅದು ನಿಧಾನ ಅಂತ ಗೊತ್ತಿದ್ದೇ. ರಾತ್ರಿ ಗಾಡಿಯಲ್ಲಿ ಕಳೆದರೆ ಲಾಡ್ಜ್ ದುಡ್ಡು ಉಳಿಯಿತು, ಬೆಳಗ್ಗೆ ಇಳಿದು ನೇರ ಕೆಲಸಕ್ಕೆ ಅಥವಾ ಆಸ್ಪತ್ರೆಗೆ ಹೋಗಬಹುದು.

ಹೈಸ್ಪೀಡ್ ರೈಲು ಸಾಮಾನ್ಯವಾಗಿ ರಾತ್ರಿಯಿಡೀ ಓಡಲ್ಲ. ಜಪಾನಿನಲ್ಲೂ ನಡುರಾತ್ರಿಯಿಂದ ಬೆಳಗ್ಗೆ ಆರರವರೆಗೆ ಹಳಿ ಖಾಲಿ, ಆ ಹೊತ್ತಿನಲ್ಲೇ ದುರಸ್ತಿ. ಟಿಕೆಟ್ ಮುಂಬೈ–ಅಹಮದಾಬಾದಿಗೆ ಮೂರು ಸಾವಿರದ ಆಸುಪಾಸು ಅಂತ ಶುರುವಿನಲ್ಲಿ ಹೇಳಿದ್ದರು. ಅದನ್ನು ಕೊಡೋರು ಇದ್ದಾರೆ, ವಿಮಾನಕ್ಕೆ ಕೊಡೋರೇ ಇದಕ್ಕೂ ಕೊಡುತ್ತಾರೆ. ವ್ಯಾಪಾರಿಗಳು, ಐಟಿಯವರು, ಪುಣೆಯಲ್ಲಿ ಓದೋ ಮಕ್ಕಳ ಅಪ್ಪ ಅಮ್ಮ. ಅವರೂ ನಮ್ಮವರೇ. ಆದರೆ ಹಿಟ್ಟಿನ ಚೀಲದವರ ಹೆಸರು ಹೇಳಿಕೊಂಡು ಬುಲೆಟ್ ರೈಲು ಕೇಳಬೇಡಿ, ಅದು ಸುಳ್ಳು.

ಸರಕು ಕೂಡ ಅಷ್ಟೇ. ತಿಕೋಟಾ, ಬಬಲೇಶ್ವರ ಕಡೆ ಬೆಳೆದ ದ್ರಾಕ್ಷಿ ಒಣಗಿ ಮಣೂಕ ಆಗಿ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಹೋಗುತ್ತದೆ. ಇಂಡಿ ಲಿಂಬೆ, ಈರುಳ್ಳಿ, ದಾಳಿಂಬೆ, ಎಲ್ಲ ಹೊರಗೆ ಹೋಗೋ ಮಾಲು. ಬುಲೆಟ್ ರೈಲು ಇದ್ಯಾವುದನ್ನೂ ಹೊರಲ್ಲ.

ಆದರೆ ಇಲ್ಲೇ ಪರ ವಾದಿಸೋರ ಅತ್ಯಂತ ಗಟ್ಟಿ ಮಾತು ಬರುತ್ತದೆ, ಅದನ್ನು ನಮ್ಮ ಕಡೆ ಯಾರೂ ಜೋರಾಗಿ ಹೇಳ್ತಿಲ್ಲ. ಪುಣೆ–ಸೊಲ್ಲಾಪುರ–ವಾಡಿ ಲೈನು ಮುಂಬೈಯಿಂದ ಹೈದರಾಬಾದ್, ಬೆಂಗಳೂರು, ಚೆನ್ನೈ ಕಡೆ ಹೋಗೋ ಗಾಡಿಗಳಿಂದ ತುಂಬಿಹೋಗಿದೆ. ಅವಸರದ ಪ್ರಯಾಣಿಕರು ಹೊಸ ಲೈನಿಗೆ ಹೋದರೆ ಹಳೇ ಲೈನಿನಲ್ಲಿ ಜಾಗ ಸಿಗುತ್ತದೆ. ಆ ಜಾಗದಲ್ಲಿ ಗೂಡ್ಸ್ ಓಡಬಹುದು, ವಿಜಯಪುರ–ಪುಣೆ, ಬಾಗಲಕೋಟೆ–ಮುಂಬೈ ಅಂತ ಇನ್ನೊಂದೆರಡು ಗಾಡಿ ಬಿಡಬಹುದು. ಗಾಡಿ ಕೇಳಿದಾಗಲೆಲ್ಲ "ಲೈನಿನಲ್ಲಿ ಸಾಮರ್ಥ್ಯ ಇಲ್ಲ" ಅಂತ ಬರೋ ಉತ್ತರಕ್ಕೆ ಆಗ ನೆಲೆ ಇರಲ್ಲ. ನಮಗೆ ಬುಲೆಟ್ ರೈಲಿನಿಂದ ಆಗೋ ಲಾಭ ಅದರಲ್ಲಿ ಕೂರೋದರಿಂದ ಕಡಿಮೆ, ಅದು ಬಿಟ್ಟುಕೊಡೋ ಜಾಗದಿಂದ ಜಾಸ್ತಿ.

ಜಪಾನ್ ಮೊದಲ ಲೈನು ಕಟ್ಟಿದ್ದೂ ಇದೇ ಕಾರಣಕ್ಕೆ. ಟೋಕಿಯೊ–ಒಸಾಕಾ ನಡುವಿನ ಹಳೇ ಲೈನು ಉಸಿರಾಡೋಕೂ ಜಾಗ ಇಲ್ಲದಷ್ಟು ತುಂಬಿತ್ತು. 515 ಕಿಮೀ, 1964ರ ಅಕ್ಟೋಬರ್ 1ಕ್ಕೆ ಶುರು, ವೇಗ 210. ವಿಶ್ವಬ್ಯಾಂಕ್ 80 ಮಿಲಿಯನ್ ಡಾಲರ್ ಸಾಲ ಕೊಟ್ಟಿತ್ತು. ಅವತ್ತು ಜಪಾನಿನಲ್ಲೂ ಇದು ಹುಚ್ಚು ಖರ್ಚು ಅಂದವರು ಬಹಳ ಜನ. ಅಂದಾಜು ಹತ್ತಿರ ಹತ್ತಿರ ದುಪ್ಪಟ್ಟಾಯಿತು. ಯೋಜನೆ ಹೊತ್ತು ನಡೆಸಿದ ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ, ಮುಖ್ಯ ಎಂಜಿನಿಯರ್ ಹಿಡೆಯೊ ಶಿಮಾ ಇಬ್ಬರೂ 1963ರಲ್ಲೇ ಹುದ್ದೆ ಬಿಡಬೇಕಾಯಿತು. ಆಮೇಲೆ ಲೈನು ಲಾಭಕ್ಕೆ ಬಂತು, ಜಗತ್ತೇ ಹೊಗಳಿತು. ಈ ಕಥೆಯನ್ನು ಬುಲೆಟ್ ರೈಲಿನ ಅಭಿಮಾನಿಗಳು ಅರ್ಧ ಹೇಳುತ್ತಾರೆ. ಲಾಭಕ್ಕೆ ಬಂದಿದ್ದು ಎರಡೂ ತುದಿಗೆ ಮಹಾನಗರ, ನಡುವೆಯೂ ನಗೋಯಾದಂಥ ದೊಡ್ಡ ಊರುಗಳು ಸಾಲಾಗಿ ಇದ್ದದ್ದಕ್ಕೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ–ಧಾರವಾಡ 9.4 ಲಕ್ಷ, ಬೆಳಗಾವಿ 4.9 ಲಕ್ಷ. ಈಗ ಬೆಳೆದಿವೆ, ಸರಿ. ಆದರೂ ಬೆಂಗಳೂರಿನಿಂದ ಪುಣೆಗೆ 800 ಕಿಮೀ ದಾಟುತ್ತದೆ, ಅಷ್ಟು ದೂರಕ್ಕೆ ತುದಿಯಿಂದ ತುದಿಗೆ ಹೋಗೋರು ವಿಮಾನವನ್ನೇ ಹತ್ತುತ್ತಾರೆ. ನಡುವಿನ ಊರುಗಳ ಪ್ರಯಾಣಿಕರ ಮೇಲೆ ಮಾತ್ರ ಎರಡು ಲಕ್ಷ ಕೋಟಿಯ ಹತ್ತಿರದ ಲೈನು ನಿಲ್ಲಲ್ಲ.

ಹಾಗಾಗಿ ಬೆಳಗಾವಿ ಗೆಳೆಯರು ಬೇಜಾರಾದರೂ ಪರವಾಗಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಬೆಂಗಳೂರು–ಬೆಳಗಾವಿ–ಪುಣೆ ಬುಲೆಟ್ ರೈಲು ಬೇಡಿಕೆಯನ್ನು ಈಗ ಮುಂದಿಟ್ಟರೆ ಕೆಡುಕೇ ಜಾಸ್ತಿ. "ಎರಡನೇ ಹಂತದಲ್ಲಿ ನೋಡೋಣ" ಅನ್ನೋ ಒಂದು ಭರವಸೆ ಸಿಗುತ್ತದೆ, ಅದನ್ನು ತೋರಿಸಿ ಕಿತ್ತೂರು ಲೈನನ್ನು ಇನ್ನೂ ಹತ್ತು ವರ್ಷ ತಳ್ಳುತ್ತಾರೆ. ಎರಡನೇ ಹಂತಗಳ ಗತಿ ಏನಾಗುತ್ತದೆ ಅಂತ ಬ್ರಿಟನ್ನಿನವರನ್ನು ಕೇಳಬೇಕು. ಅಲ್ಲಿ ಎಚ್‌ಎಸ್–2 ಅಂತ ಲಂಡನ್ನಿನಿಂದ ಉತ್ತರದ ಊರುಗಳಿಗೆ ಹೈಸ್ಪೀಡ್ ಲೈನು ಕಟ್ಟೋಕೆ ಹೊರಟರು, ಖರ್ಚು ಕೈಮೀರಿತು, 2023ರ ಅಕ್ಟೋಬರಿನಲ್ಲಿ ಪ್ರಧಾನಿ ರಿಷಿ ಸುನಕ್ ಬರ್ಮಿಂಗ್‌ಹ್ಯಾಮ್‌ನಿಂದ ಮ್ಯಾಂಚೆಸ್ಟರ್‌ವರೆಗಿನ ತುಂಡನ್ನು ರದ್ದು ಮಾಡಿದರು. ಆ ಘೋಷಣೆ ಮಾಡಿದ್ದು ಮ್ಯಾಂಚೆಸ್ಟರಿನಲ್ಲೇ ನಿಂತು. ಲಂಡನ್ನಿಗೆ ಹತ್ತಿರದವರ ಲೈನು ಉಳಿಯಿತು, ದೂರದವರದ್ದು ಹೋಯಿತು.

ಜಾಗದ ವಿಷಯಕ್ಕೆ ಬಂದರೆ ಬಾಗಲಕೋಟೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಅರ್ಧ ಊರೇ ಹೋಗಿ ನವನಗರ ಎದ್ದಿತು. ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿದರೆ ಮುಳುಗೋ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ದರ ಹೇಳಿತು, ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ. ಇನ್ನು ಮುಂದೆ ಈ ಭಾಗದಲ್ಲಿ ಯಾರೇ ಜಾಗ ಕೇಳೋಕೆ ಬಂದರೂ ರೈತ ಮಾತು ಶುರು ಮಾಡೋದು ಈ ಅಂಕಿಯಿಂದಲೇ. ಪುಣೆ–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಬೇರೆ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಮೇಲೆ ಗೆರೆ ಎಳೆದಿದೆ. ಬೆಳಗಾವಿಯಲ್ಲಿ ಹಲಗಾ–ಮಚ್ಛೆ ಬೈಪಾಸ್ ಹತ್ತು ಕಿಮೀ ಕೂಡ ಇಲ್ಲ, ರೈತರು ಎಷ್ಟು ವರ್ಷ ಕೋರ್ಟು ಕಟಕಟೆ ಹತ್ತಿದರು! ಕಿತ್ತೂರು ಲೈನು ನಿಂತಿದ್ದೂ ಇದೇ ಕಾರಣಕ್ಕೆ, ಫಲವತ್ತಾದ ಹೊಲ ಬಿಟ್ಟು ಬೇರೆ ಕಡೆಯಿಂದ ತನ್ನಿ ಅಂತ ಗರ್ಲಗುಂಜಿ ಕಡೆಯ ರೈತರು ಪಟ್ಟು ಹಿಡಿದರು. ಆ ಲೈನಿಗಾಗಿ ಓಡಾಡಿದ ಆಗಿನ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ರೈಲ್ವೆ ಖಾತೆಯಲ್ಲಿ ನಮ್ಮವರು ಅಂತ ಇದ್ದವರು ಅವರು.

ಒಂದು ವಿಷಯದಲ್ಲಿ ಮಾತ್ರ ಬುಲೆಟ್ ರೈಲಿನ ವಿರೋಧಿಗಳು ಎಡವುತ್ತಾರೆ. ಅದು ಜಾಗ ಬಹಳ ನುಂಗುತ್ತದೆ ಅನ್ನೋದು ಪೂರ್ತಿ ನಿಜ ಅಲ್ಲ. ಮುಂಬೈ–ಅಹಮದಾಬಾದ್ ಲೈನಿನ ಬಹುಪಾಲು ಮೇಲ್ಸೇತುವೆಯ ಮೇಲಿದೆ, ಪಟ್ಟಿಯ ಅಗಲ 17.5 ಮೀಟರ್. 508 ಕಿಮೀಗೆ ಒಟ್ಟು ತಗೊಂಡಿದ್ದು ಸುಮಾರು 1,390 ಹೆಕ್ಟೇರ್. ಎಕ್ಸ್‌ಪ್ರೆಸ್‌ವೇಗೆ ಇದರ ಹಲವು ಪಟ್ಟು ಅಗಲ ಬೇಕು, ಮೇಲಾಗಿ ಅದು ಹೊಲವನ್ನು ಎರಡು ಮಾಡುತ್ತದೆ, ಎತ್ತಿನ ಗಾಡಿ ಆಚೆ ಹೋಗಬೇಕಂದರೆ ಎರಡು ಕಿಮೀ ಸುತ್ತು. ಕಂಬದ ಕೆಳಗೆ ಟ್ರ್ಯಾಕ್ಟರ್ ಹಾಯಬಹುದು, ನೀರು ಹರಿಯಬಹುದು. ನಮ್ಮ ಎರೆ ಭೂಮಿಗೆ ಇದು ಇನ್ನೊಂದು ರೀತಿಯಲ್ಲೂ ಸರಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳೋ ಹಾಗೆ ಬಿರಿಯೋದು, ಮಳೆಗೆ ಉಬ್ಬೋದು ಈ ಮಣ್ಣಿನ ಗುಣ, ಅದರ ಮೇಲೆ ಏರಿ ಹಾಕಿ 300ರ ವೇಗಕ್ಕೆ ಹಳಿ ಸಮ ಇಡೋದು ಬಹಳ ಕಷ್ಟ. ಕೆಳಗಿನ ಕಪ್ಪು ಕಲ್ಲಿನವರೆಗೆ ಇಳಿಸಿದ ಕಂಬ ಅಲುಗಲ್ಲ.

ಜಾಗ ಕಡಿಮೆ ಅಂದ ಮಾತ್ರಕ್ಕೆ ತಕರಾರು ಕಡಿಮೆ ಅಂತಲ್ಲ. 2017ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಹಾಕಿದ ಯೋಜನೆಗೆ ಪೂರ್ತಿ ಜಾಗ ಸಿಕ್ಕಿದ್ದು 2024ರ ಜನವರಿಗೆ. ಕೇರಳದಲ್ಲಿ ಸಿಲ್ವರ್‌ಲೈನ್ ಅಂತ 530 ಕಿಮೀ, 63,941 ಕೋಟಿಯ ಯೋಜನೆ ಇತ್ತು. 2022ರಲ್ಲಿ ಅಧಿಕಾರಿಗಳು ಹೇಳದೆ ಕೇಳದೆ ಅಂಗಳಕ್ಕೆ ಬಂದು ಹಳದಿ ಕಲ್ಲು ನೆಟ್ಟರು, ಜನ ಕಿತ್ತು ಎಸೆದರು, ಯೋಜನೆ ಅಲ್ಲೇ ಕೂತಿತು. ದರಕ್ಕಿಂತ ಮೊದಲು ಜನರಿಗೆ ಬೇಕಾಗಿದ್ದು ಮಾಹಿತಿ. ನಮ್ಮಲ್ಲೂ ಅಷ್ಟೇ. ಯಾವ ಸರ್ವೆ ನಂಬರು ಹೋಗುತ್ತದೆ ಅಂತ ಗೊತ್ತಾಗೋ ಮೊದಲೇ ಗಾಳಿಸುದ್ದಿ ಹಬ್ಬುತ್ತದೆ, ಉತಾರದ, ಅಂದರೆ ಪಹಣಿಯ, 11ನೇ ಕಾಲಮ್ಮಿನಲ್ಲಿ ಭೂಸ್ವಾಧೀನ ಅಂತ ಒಂದು ಸಾಲು ಬಿದ್ದರೆ ಬ್ಯಾಂಕಿನವರು ಬೆಳೆಸಾಲಕ್ಕೂ ಹಿಂದೆ ಮುಂದೆ ನೋಡುತ್ತಾರೆ, ಮಗಳ ಮದುವೆಗೆ ಎರಡು ಎಕರೆ ಮಾರೋಣ ಅಂದರೂ ಕೊಳ್ಳೋರು ಬರಲ್ಲ. ಯೋಜನೆ ಹತ್ತು ವರ್ಷ ಮಲಗಿದರೆ ಆ ಸಾಲೂ ಹತ್ತು ವರ್ಷ ಹಾಗೇ ಇರುತ್ತದೆ.

ಹಾಗಾದರೆ ಕೇಳಬೇಕಾದ್ದೇನು? ಬೆಳಗಾವಿಯವರು ಕಿತ್ತೂರು ಲೈನು, ಮತ್ತೆ ಬೆಂಗಳೂರು–ಹುಬ್ಬಳ್ಳಿ–ಮಿರಜ್ ಹಳಿಯನ್ನು 160ಕ್ಕೆ ಏರಿಸೋದು ಕೇಳಲಿ. ದೆಹಲಿ–ಮುಂಬೈ, ದೆಹಲಿ–ಹೌರಾಗಳಲ್ಲಿ ಅದೇ ಕೆಲಸ ನಡೆದಿದೆ, ಬೇಲಿ ಹಾಕೋದು, ಲೆವೆಲ್ ಕ್ರಾಸಿಂಗ್ ತೆಗೆಯೋದು, ಗಾಡಿಗಳ ಡಿಕ್ಕಿ ತಡೆಯೋ ಕವಚ್ ವ್ಯವಸ್ಥೆ. ಓಡಿಸೋಕೆ ವಂದೇ ಭಾರತ್ ಈಗಾಗಲೇ ಬಂದು ನಿಂತಿದೆ. ಬಾಗಲಕೋಟೆಯವರಿಗೆ ಕುಡಚಿ ಬಿಟ್ಟು ಬೇರೆ ಬೇಡಿಕೆ ಇಡೋ ಅಗತ್ಯವೇ ಇಲ್ಲ.

ವಿಜಯಪುರದವರು ಸೊಲ್ಲಾಪುರದ ನಿಲ್ದಾಣ ಎಲ್ಲಿ ಅಂತ ಈಗಲೇ ಕೇಳಬೇಕು. ಇದು ಸಣ್ಣ ವಿಷಯ ಅಲ್ಲ. ಗುಜರಾತಿನ ಸೂರತ್‌ನಲ್ಲಿ ಬುಲೆಟ್ ರೈಲು ನಿಲ್ದಾಣ ಹಳೇ ಸ್ಟೇಷನ್ನಿನ ಹತ್ತಿರ ಇಲ್ಲ, ಊರ ಹೊರಗೆ ಅಂತ್ರೋಲಿಯಲ್ಲಿದೆ. ಅದೇ ಸಾಬರಮತಿಯಲ್ಲಿ ಹಳೇ ರೈಲು, ಮೆಟ್ರೊ, ಬಸ್ಸು ಎಲ್ಲ ಒಂದೇ ಕಡೆ ಸೇರಿಸಿದ್ದಾರೆ. ಸೊಲ್ಲಾಪುರದಲ್ಲೂ ಊರ ಹೊರಗೆ ಯಾವುದೋ ಬಯಲಲ್ಲಿ ನಿಲ್ದಾಣ ಬಂದರೆ ನಾವು ಎರಡು ಗಂಟೆ ರೈಲಲ್ಲಿ ಹೋಗಿ ಇಳಿದು, ಆಟೊದವನ ಜೊತೆ ಚೌಕಾಸಿ ಮಾಡಿ, ಮತ್ತೆ ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಆಮೇಲೆ ಬುಲೆಟ್ ರೈಲು ಹತ್ತಬೇಕು. ಇವತ್ತೂ ಸೊಲ್ಲಾಪುರದಿಂದ ಪುಣೆಗೆ ವಂದೇ ಭಾರತ್ ಮೂರು ಗಂಟೆಯಲ್ಲಿ ಹೋಗುತ್ತದೆ. ಬುಲೆಟ್ ರೈಲು ಉಳಿಸೋ ಸಮಯದ ಅರ್ಧ ಆಟೊದಲ್ಲೇ ಕರಗಿಹೋದರೆ ಯಾರಿಗೆ ಬೇಕು ಆ ಟಿಕೆಟ್?

ಹೊಟಗಿ ಜಂಕ್ಷನ್ ಇದೆಯಲ್ವಾ, ಸೊಲ್ಲಾಪುರಕ್ಕೆ ಹದಿನೈದು ಕಿಮೀ ಈಚೆ. ಗದಗದಿಂದ ಬಾಗಲಕೋಟೆ, ವಿಜಯಪುರ ಮೇಲೆ ಬರೋ ನಮ್ಮ ಲೈನು ಮುಂಬೈ ಲೈನಿಗೆ ಸೇರೋದು ಅಲ್ಲೇ. ಹೈಸ್ಪೀಡ್ ನಿಲ್ದಾಣ ಹೇಗೂ ಊರ ಹೊರಗೆ ಬರೋದಾದರೆ ಹೊಟಗಿ ಪಕ್ಕದಲ್ಲೇ ಬರಲಿ. ಪಕ್ಕದ ಪ್ಲಾಟ್‌ಫಾರ್ಮಿಗೆ ವಿಜಯಪುರದ ಗಾಡಿ ಬಂದು ನಿಲ್ಲುತ್ತದೆ, ಮೆಟ್ಟಿಲು ಹತ್ತಿ ಇಳಿದರೆ ಆಯಿತು. ಇಂಡಿ, ವಿಜಯಪುರ, ಬಾಗಲಕೋಟೆ, ಬಾದಾಮಿ ಇಷ್ಟೂ ಊರಿಗೆ ಒಂದೇ ಏಟಿಗೆ ಕೊಂಡಿ. ಇದಕ್ಕೆ ಹೊಸ ಹಳಿ ಬೇಡ, ಹೊಸ ಜಾಗ ಬೇಡ, ಗಾಡಿಗಳ ಟೈಮಿಂಗ್ ಹೊಂದಿಸಬೇಕು ಅಷ್ಟೇ. ನಿಲ್ದಾಣದ ಜಾಗ ಗೊತ್ತಾಗೋದು ಡಿಪಿಆರ್ ಹಂತದಲ್ಲಿ, ಆಮೇಲೆ ಕೂಗಿದರೆ ಯಾರೂ ಕೇಳಲ್ಲ. ಸೊಲ್ಲಾಪುರದವರು ತಮ್ಮ ಊರಿಗೆ ಅನುಕೂಲ ಆಗೋ ಜಾಗ ಕೇಳುತ್ತಾರೆ, ಅದು ಅವರ ಹಕ್ಕು. ನಮ್ಮ ಸಂಸದರು, ವಾಣಿಜ್ಯೋದ್ಯಮ ಸಂಸ್ಥೆಯವರು, ರೈಲ್ವೆ ಹೋರಾಟ ಸಮಿತಿಯವರು ಬೆಂಗಳೂರು ದೆಹಲಿಗೆ ಮನವಿ ಹೊತ್ತೊಯ್ಯೋ ಮೊದಲು ಒಂದು ಸಲ ಸೊಲ್ಲಾಪುರದವರ ಜೊತೆ ಕೂತು ಈ ಹೊಟಗಿ ಮಾತು ಆಡಬೇಕು.